ನೀವು ಭಾಗವತರು, ಮಗು ಅರ್ಥಧಾರಿ: ಕಥೆಯಿಂದ ಮಕ್ಕಳ ಮಾತು ಬೆಳೆಸುವ ಬಗೆ

ಕಾರವಾರದ ನಮ್ಮ ಮನೆಯ ಜಗಲಿಯಲ್ಲಿ ಶನಿವಾರ ಸಂಜೆ ಅಕ್ಕಪಕ್ಕದ ಹತ್ತಾರು ಮಕ್ಕಳು ಸೇರುತ್ತಾರೆ. ಮೂರರಿಂದ ಆರು ವರ್ಷದವರು. ಮೊದಲ ಶನಿವಾರ ನಾನು ಮುಕ್ಕಾಲು ಗಂಟೆ ಕಥೆ ಹೇಳಿದೆ. ಹುಲಿಯ ಹಾಗೆ ಗರ್ಜಿಸಿದೆ, ಮುದುಕಿಯ ಹಾಗೆ ಕೆಮ್ಮಿದೆ. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರು. ನನಗೋ ಹೆಮ್ಮೆ. ಮುಗಿದ ಮೇಲೆ "ಹುಲಿ ಎಂತ ಮಾಡ್ತು, ಹೇಳಿ ನೋಡುವ" ಎಂದೆ. ಒಬ್ಬರೂ ತುಟಿ ಬಿಚ್ಚಲಿಲ್ಲ. ರಾತ್ರಿ ಕೂತು ಯೋಚಿಸಿದಾಗ ಹೊಳೆಯಿತು. ಆ ಮುಕ್ಕಾಲು ಗಂಟೆ ಮಾತಾಡಿದ್ದು ನಾನೊಬ್ಬಳೇ. ಅಂದು ಯಾರದಾದರೂ ಮಾತು ಬೆಳೆದಿದ್ದರೆ ಅದು ನನ್ನದೇ ಇರಬೇಕು.

ನಾನು ಹುಟ್ಟಿ ಬೆಳೆದದ್ದು ಶಿರಸಿ ಕಡೆ. ಅಲ್ಲಿ ಮಳೆಗಾಲ ಅಂದರೆ ತಾಳಮದ್ದಳೆ, ಕೂತು ನಡೆಸುವ ಯಕ್ಷಗಾನ. ವೇಷ ಇಲ್ಲ, ಕುಣಿತ ಇಲ್ಲ, ಬರೀ ಹಾಡು ಮತ್ತು ಮಾತು. ಹಾಡುವ ಭಾಗವತರು ಒಂದು ಪದ, ಅಂದರೆ ಒಂದು ಹಾಡು, ಹೇಳಿ ನಿಲ್ಲಿಸುತ್ತಾರೆ. ಆಮೇಲೆ ಅದರ ಅರ್ಥವನ್ನು ಪಾತ್ರದ ಮಾತಾಗಿ ಆಡುವ ಅರ್ಥಧಾರಿಯ ಸರದಿ. ಕಥೆ ಎಲ್ಲರಿಗೂ ಗೊತ್ತಿದ್ದದ್ದೇ, ಪದವೂ ಬಾಯಿಪಾಠ. ಆದರೆ ಅರ್ಥ ಮಾತ್ರ ಯಾರೂ ಬರೆದುಕೊಟ್ಟದ್ದಲ್ಲ, ಆ ಹೊತ್ತಿಗೆ ಅವರ ಬಾಯಲ್ಲೇ ಹುಟ್ಟಬೇಕು. ಭಾಗವತರು ನಿಲ್ಲಿಸದೇ ಹಾಡುತ್ತಲೇ ಹೋದರೆ ಅರ್ಥಧಾರಿ ಬಾಯಿ ತೆರೆಯುವುದು ಯಾವಾಗ? ಮಕ್ಕಳಿಗೆ ಕಥೆ ಹೇಳುವಾಗ ನಾವು ಮಾಡುವ ತಪ್ಪು ಇದೇ. ಎಲ್ಲಿ ನಿಲ್ಲಿಸಬೇಕು, ನಿಲ್ಲಿಸಿದ ಮೇಲೆ ಏನು ಮಾಡಬೇಕು, ಅದನ್ನೇ ಇಲ್ಲಿ ಒಂದೊಂದಾಗಿ ಹೇಳುತ್ತೇನೆ.

ಮೊದಲ ವಾರ: ಸುಮ್ನೆ ಕೇಳಿ

ಕಥೆ ಶುರು ಮಾಡುವ ಮೊದಲು ಒಂದು ವಾರ ಮಗುವಿನ ಮಾತು ಕೇಳಿ. ಒಂದು ನೋಟುಬುಕ್ಕು ಇಟ್ಟುಕೊಂಡು ದಿನಕ್ಕೆ ನಾಲ್ಕೈದು ಮಾತನ್ನು ಮಗು ಹೇಳಿದ ಹಾಗೆಯೇ ಬರೆಯಿರಿ. ತಿದ್ದಬೇಡಿ. ಊಟ ಮಾಡುವಾಗ, ಸ್ನಾನದ ಮನೆಯಲ್ಲಿ, ಆಟದ ನಡುವೆ ಬಂದ ಮಾತುಗಳಾದರೆ ಒಳ್ಳೆಯದು. "ಏನಾದ್ರೂ ಹೇಳು ಪುಟ್ಟಾ" ಎಂದು ಕೂರಿಸಿ ಕೇಳಿದರೆ ಸಿಗುವುದು ಬರೀ ನಾಚಿಕೆ.

ಅಳತೆಗೆ ಸುಮಾರಾಗಿ ಇಷ್ಟು ಗೊತ್ತಿದ್ದರೆ ಸಾಕು. ಒಂದು ವರ್ಷದ ಆಸುಪಾಸಿನಲ್ಲಿ ಮೊದಲ ಪದಗಳು ಬರುತ್ತವೆ. ಎರಡರ ಹೊತ್ತಿಗೆ "ಅಪ್ಪ ಬಾ", "ಹಾಲು ಬೇಡ" ಎಂದು ಎರಡು ಪದ ಜೋಡಿಸುತ್ತವೆ. ಮೂರಕ್ಕೆ ಮನೆಯ ಹೊರಗಿನವರಿಗೂ ಮಗುವಿನ ಮಾತು ಬಹುಪಾಲು ಅರ್ಥವಾಗುತ್ತದೆ. ನಾಲ್ಕೈದಕ್ಕೆ ನಡೆದದ್ದನ್ನು ಒಂದಾದ ಮೇಲೊಂದು ಹೇಳುತ್ತದೆ. ಒಂದೆರಡು ತಿಂಗಳು ಹಿಂದೆ ಮುಂದೆ ಆದರೆ ಗಾಬರಿ ಬೇಡ. 'ರ' ಬದಲು 'ಲ' ಅನ್ನುವುದು, 'ಳ' ತಿರುಗದೇ ಇರುವುದು ಈ ವಯಸ್ಸಿನಲ್ಲಿ ಮಾಮೂಲು.

ಆದರೆ ಕೆಲವು ಸಂಗತಿಗಳಿಗೆ ಕಥೆ ಮದ್ದಲ್ಲ. ಒಂದೂವರೆ ವರ್ಷವಾದರೂ ಒಂದು ಪದ ಇಲ್ಲ, ಎರಡು ತುಂಬಿದರೂ ಎರಡು ಪದ ಕೂಡುತ್ತಿಲ್ಲ, ಹಿಂದಿನಿಂದ ಕರೆದರೆ ತಿರುಗುವುದಿಲ್ಲ, ಬರುತ್ತಿದ್ದ ಮಾತು ನಿಂತುಹೋಗಿದೆ. ಇಂಥದ್ದು ಕಂಡರೆ ಕಾಯಬೇಡಿ. ಮೊದಲು ಕಿವಿಯ ಪರೀಕ್ಷೆ ಮಾಡಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡಬೇಕು ಎಂದಿದೆ. ಅಂಗನವಾಡಿಯಲ್ಲೋ ಆಶಾ ಕಾರ್ಯಕರ್ತೆಯ ಹತ್ತಿರವೋ ಕೇಳಿದರೆ ದಿನ ಗೊತ್ತಾಗುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದೂ ಇದೇ ಕೆಲಸಕ್ಕೆ. "ಅವನ ಅಪ್ಪನೂ ತಡವಾಗೇ ಮಾತಾಡಿದ್ದು" ಎಂದು ಅಜ್ಜಿ ಹೇಳಬಹುದು. ಅಜ್ಜಿಯ ಮಾತು ನಿಜವಾಗಿದ್ದರೂ ಕಿವಿ ಪರೀಕ್ಷೆಯಿಂದ ನಷ್ಟ ಇಲ್ಲ.

ಕಥೆ ಆರಿಸುವುದು

ರಾಜ, ರಾಣಿ, ಏಳು ಸಮುದ್ರದಾಚೆಯ ರಾಕ್ಷಸ ಆಮೇಲೆ ಬರಲಿ. ಮೊದಲ ಕಥೆಯಲ್ಲಿ ಮೂರು ಗುಣ ಇರಬೇಕು. ಐದು ನಿಮಿಷಕ್ಕೆ ಮುಗಿಯಬೇಕು. ಒಂದೇ ಮಾತು ಮತ್ತೆ ಮತ್ತೆ ಬರಬೇಕು. ಮಗು ದಿನಾ ನೋಡುವ ವಸ್ತುಗಳೇ ಅದರಲ್ಲಿರಬೇಕು.

ಕಾಗಕ್ಕ ಗುಬ್ಬಕ್ಕನ ಕಥೆ ಇಷ್ಟು ಕಾಲ ಉಳಿದದ್ದು ಇದೇ ಕಾರಣಕ್ಕೆ. ಮಳೆಗೆ ಕಾಗಕ್ಕನ ಮನೆ ಕೊಚ್ಚಿಹೋಗುತ್ತದೆ. ಅದು ಬಂದು ಬಾಗಿಲು ತಟ್ಟಿದಾಗಲೆಲ್ಲ ಗುಬ್ಬಕ್ಕ ಒಂದೊಂದು ನೆಪ ಹೇಳುತ್ತದೆ. ಮೂರನೇ ಸಲ ತಟ್ಟುವ ಹೊತ್ತಿಗೆ ಎಂಥ ಮೌನಿ ಮಗುವಿಗೂ ಮುಂದಿನ ಮಾತು ಗೊತ್ತಾಗಿರುತ್ತದೆ. ಮರಾಠಿ ಮನೆಗಳಲ್ಲೂ ಇದೇ ಕಥೆ ಹೇಳುತ್ತಾರೆ. ಹಾಗಾಗಿ ಗಡಿಯ ಈ ಊರಲ್ಲಿ ಎರಡೂ ಭಾಷೆಯ ಮಕ್ಕಳನ್ನು ಒಟ್ಟಿಗೆ ಕೂರಿಸಲು ಇದು ಅನುಕೂಲ.

ನೀವೇ ಕಟ್ಟುವುದೂ ಕಷ್ಟವಲ್ಲ. ನಮ್ಮ ಜಗಲಿಗೆ ನಾನು ಕಟ್ಟಿಕೊಂಡದ್ದು ಇದು:

ಅಜ್ಜಿ ಪೇಟೆಯಿಂದ ಐದು ಬಂಗಡೆ ತಂದಳು. ತೊಳೆದು ಪಾತ್ರೆಯಲ್ಲಿಟ್ಟಳು. ಅರಶಿನ ತರಲು ಒಳಗೆ ಹೋದಳು. ಆಗ ಬೆಕ್ಕು ಬಂತು. ಮೆಲ್ಲಗೆ, ಮೆಲ್ಲಗೆ, ಮೆಲ್ಲಗೆ. ಗಬಕ್! ಅಜ್ಜಿ ಬಂದು ಎಣಿಸಿದಳು. ಒಂದು, ಎರಡು, ಮೂರು, ನಾಲ್ಕು. "ಅಯ್ಯೋ, ನನ್ನ ಬಂಗಡೆ ಎಲ್ಲಿ ಹೋಯ್ತು?" ಕಾಗೆಯನ್ನು ಕೇಳಿದಳು. "ನಾ ಕಾಣೆ, ಕಾ ಕಾ." ನಾಯಿಯನ್ನು ಕೇಳಿದಳು. "ನಾ ಕಾಣೆ, ಬೌ ಬೌ." ಕೋಳಿಯನ್ನು ಕೇಳಿದಳು. "ನಾ ಕಾಣೆ, ಕೊಕ್ಕೊಕ್ಕೋ." ಕೊನೆಗೆ ಬೆಕ್ಕನ್ನು ಕೇಳಿದಳು. ಬೆಕ್ಕು ಮಾತೇ ಆಡಲಿಲ್ಲ. ಬಾಯಿ ತುಂಬ ಬಂಗಡೆ ಇತ್ತಲ್ಲ!

ಮೀನು ತಿನ್ನದ ಮನೆಯಾದರೆ ಬಂಗಡೆ ಬದಲು ಅಂಗಳದಲ್ಲಿ ಒಣಗಿಸಿದ ಹಲಸಿನ ಹಪ್ಪಳ, ಬೆಕ್ಕಿನ ಬದಲು ಕೊಟ್ಟಿಗೆಯಿಂದ ಬಿಚ್ಚಿಕೊಂಡ ಕರು. ಶಿರಸಿಯ ನನ್ನ ತವರಿನಲ್ಲಿ ಹಾಗೇ ಹೇಳುತ್ತೇನೆ. ಕರುವಿನ ಬಾಯಲ್ಲಿ ಹಪ್ಪಳ ಕರುಂ ಕರುಂ ಅನ್ನುವುದರಿಂದ ಆ ಕಥೆಗೆ ಬೇರೆಯೇ ಗಮ್ಮತ್ತು.

ಕಥೆಯ ಚೀಲ

ಅಂಗಡಿಯ ಗೊಂಬೆ ಬೇಡ. ತೆಂಗಿನ ಗೆರಟೆ ಪಾತ್ರೆಯಾಗುತ್ತದೆ. ಹಳೆ ನೀಲಿ ಸೀರೆಯ ತುಂಡು ಒಮ್ಮೆ ಸಮುದ್ರ, ಒಮ್ಮೆ ಮಳೆ. ಅಡಕೆ ಹಾಳೆಯ ಟೋಪಿ ಹಾಕಿಕೊಂಡವನು ಮರ ಹತ್ತಿ ಅಡಕೆ ಕೊನೆ ಕೊಯ್ಯುವ ಕೊನೆಗೌಡ. ದೊಡ್ಡ ಚಿಪ್ಪು, ಸಣ್ಣ ಬುಟ್ಟಿ, ಕೊಡೆ. ಇಷ್ಟು ಸಾಕು. ವಸ್ತು ಕೈಯಲ್ಲಿದ್ದರೆ ನಾಲಿಗೆ ಸಡಿಲವಾಗುತ್ತದೆ. ಏಕೆಂದರೆ ಎಲ್ಲರ ಕಣ್ಣು ಆಗ ಮಗುವಿನ ಮುಖ ಬಿಟ್ಟು ವಸ್ತುವಿನ ಮೇಲೆ ಹೋಗುತ್ತದೆ.

ಒಂದು ಎಚ್ಚರಿಕೆ. ಅಡಕೆ, ಹುಣಸೆ ಬೀಜ, ಸಣ್ಣ ಕಪ್ಪೆಚಿಪ್ಪು ಚೀಲದಲ್ಲಿ ಬೇಡ. ಪುಟ್ಟ ಮಕ್ಕಳು ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ ಸಿಕ್ಕಿಬೀಳುತ್ತದೆ.

ಒಂದೇ ಕಥೆ, ಐದು ದಿನ

ದಿನಕ್ಕೊಂದು ಹೊಸ ಕಥೆ ಹೇಳುವ ಆಸೆ ನಮ್ಮದು. ಮಕ್ಕಳಿಗೆ ಬೇಕಾದದ್ದು ಅದೇ ಕಥೆ, ಅದೇ ಮಾತು. ಒಂದೇ ಕಥೆಯನ್ನು ವಾರವಿಡೀ ಇಟ್ಟುಕೊಳ್ಳಿ. ದಿನಕ್ಕೆ ಹತ್ತು ಹದಿನೈದು ನಿಮಿಷ ಸಾಕು.

ಮೊದಲ ದಿನ ನೀವೇ ಹೇಳಿ. ನಿಧಾನಕ್ಕೆ, ಮಗುವಿನ ಮುಖ ನೋಡುತ್ತಾ. ಶಬ್ದದ ಪದಗಳನ್ನು ಧಾರಾಳವಾಗಿ ಬಳಸಿ. ಮಳೆ ಧೋ ಎಂದು ಬಂತು, ಹೆಂಚಿನ ಮೇಲೆ ಪಟಪಟ, ಹಂಡೆಯೊಳಗೆ ತೊಟಕ್ ತೊಟಕ್. ಕನ್ನಡದಲ್ಲಿ ಇಂಥ ಪದಗಳಿಗೆ ಬರ ಇಲ್ಲ. ವಾಕ್ಯ ಕಟ್ಟಲಾಗದ ಮಗು ಕೂಡ 'ಗಬಕ್' ಅಂದು ಕಥೆಯೊಳಗೆ ಬಂದುಬಿಡುತ್ತದೆ. ಅಂದು ಮಗುವಿನಿಂದ ಬೇಕಾದದ್ದು 'ಹೂಂ' ಒಂದೇ. ಅಜ್ಜಿಯರು ಹೂಂಗುಟ್ಟದೇ ಇದ್ದರೆ ಕಥೆ ನಿಲ್ಲಿಸುತ್ತಿದ್ದರು. ನಿದ್ದೆ ಬಂತಾ ನೋಡುವುದಕ್ಕೆ ಅಂತ ನಾವು ತಿಳಿದಿದ್ದೆವು. ನಿಜ ಹೇಳಬೇಕೆಂದರೆ ಮಾತುಕತೆಯಲ್ಲಿ ಸರದಿ ಹಿಡಿಯುವ ಮೊದಲ ಪಾಠವೇ ಅದು.

ಎರಡನೇ ದಿನ ನಿಲ್ಲಿಸಲು ಶುರು ಮಾಡಿ. "ಅಯ್ಯೋ, ನನ್ನ ಬಂಗಡೆ..." ಎಂದು ತಡೆದು ಮಗುವಿನ ಕಡೆ ನೋಡಿ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಇದು ಇಡೀ ಕೆಲಸದಲ್ಲಿ ಬಹಳ ಕಷ್ಟದ ಭಾಗ. ಮೂರು ಎಣಿಸುವಷ್ಟರಲ್ಲಿ ನಮ್ಮ ಬಾಯಿ ತುರಿಸುತ್ತದೆ. ಪಕ್ಕದಲ್ಲಿದ್ದ ಚಿಕ್ಕಮ್ಮ "ಎಲ್ಲಿ ಹೋಯ್ತು ಅನ್ನು, ಅನ್ನು" ಎಂದು ಹೇಳಿಕೊಡುತ್ತಾಳೆ. ಚಿಕ್ಕಮ್ಮನಿಗೆ ಮೊದಲೇ ಹೇಳಿಡಿ. ಮಗುವಿಗೆ ಪದ ಹುಡುಕಿ, ಜೋಡಿಸಿ, ಬಾಯಿಗೆ ತರಲು ನಮಗಿಂತ ಜಾಸ್ತಿ ಹೊತ್ತು ಬೇಕು. ಹತ್ತಾದರೂ ಬರಲಿಲ್ಲ ಅಂದರೆ ನೀವೇ ಹೇಳಿ ಮುಂದೆ ಹೋಗಿ. ಬೇಸರ ತೋರಿಸಬೇಡಿ.

ಮೂರನೇ ದಿನ ಪ್ರಶ್ನೆ. "ಬೆಕ್ಕು ಕಳ್ಳ ಅಲ್ವಾ?" ಇದು ಪ್ರಶ್ನೆಯಲ್ಲ. ತಲೆ ಆಡಿಸಿದರೆ ಮುಗಿಯಿತು. "ಇದೇನು? ಅದೇನು?" ಎಂದು ಕೇಳುತ್ತಾ ಹೋದರೆ ಪರೀಕ್ಷೆಯಾಗುತ್ತದೆ. ಮಾತು ಬರಿಸುವ ಪ್ರಶ್ನೆಗಳು ಬೇರೆ. "ಬೆಕ್ಕು ಎಂತಕ್ಕೆ ಮಾತಾಡಲಿಲ್ಲ?" "ಅಜ್ಜಿ ಈಗ ಎಂತ ಮಾಡಬಹುದು?" "ನಮ್ಮನೆ ಬೆಕ್ಕು ಎಂತ ಕದ್ದಿತ್ತು, ನೆನಪಿದ್ಯಾ?" ಕೊನೆಯದು ಕಥೆಯಿಂದ ಮನೆಗೆ ದಾರಿ ತೆಗೆಯುತ್ತದೆ. ಮೂರು ವರ್ಷದ ಮಗುವಿಗೆ 'ಎಂತಕ್ಕೆ' ತುಸು ಭಾರ. 'ಎಂತ', 'ಎಲ್ಲಿ', 'ಯಾರು' ಮೊದಲು ಬರಲಿ. ಒಂದು ಕಥೆಗೆ ನಾಲ್ಕೈದು ಪ್ರಶ್ನೆ ಸಾಕು.

ನಾಲ್ಕನೇ ದಿನ ಆಟ. ನೀವು ಅಜ್ಜಿ, ಮಗು ಬೆಕ್ಕು. ಆಮೇಲೆ ಅದಲುಬದಲು. ಅಂದು ಮಗು ತನಗೆ ಬೇಕಾದಂತೆ ಕಥೆ ತಿರುಗಿಸಿದರೆ ತಡೆಯಬೇಡಿ. ನಮ್ಮಲ್ಲಿ ಒಬ್ಬ ಹುಡುಗನ ಬೆಕ್ಕು ಬಂಗಡೆ ತಿಂದು, ಬೈಕ್ ಹತ್ತಿ, ಗೋಕರ್ಣಕ್ಕೆ ಓಡಿಹೋಯಿತು. ಹೊನ್ನಾವರದ ಕೆರೆಮನೆಯಲ್ಲಿ 1934ರಲ್ಲಿ ಕಟ್ಟಿದ ಇಡಗುಂಜಿ ಯಕ್ಷಗಾನ ಮೇಳ ಇಂದಿಗೂ ಆಡುವ ಪ್ರಸಂಗಗಳ ಕಥೆ ನೋಡುವವರಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಜನ ಬಂದು ಕೂರುತ್ತಾರೆ, ಇಂದು ಪಾತ್ರಧಾರಿ ಏನು ಮಾತಾಡುತ್ತಾನೆ ಎಂದು ಕೇಳಲು. ಆ ಕುತೂಹಲ ಗೋಕರ್ಣದ ಬೆಕ್ಕಿಗೂ ಸಲ್ಲಬೇಕು.

ಐದನೇ ದಿನ ಮಗು ಹೇಳಲಿ, ನೀವು ಬರೆದುಕೊಳ್ಳಿ. ಬಾಯಿಂದ ಬಂದ ಹಾಗೇ. ಆಮೇಲೆ ಅದನ್ನೇ ಓದಿ ತೋರಿಸಿ. ತನ್ನ ಮಾತು ಕಾಗದದಿಂದ ವಾಪಸ್ ಬರುವುದನ್ನು ಕೇಳಿದ ಮಗುವಿನ ಮುಖ ನೋಡಬೇಕು ನೀವು.

ತಪ್ಪು ಅನ್ನಬೇಡಿ, ಮಾತು ಹಿಗ್ಗಿಸಿ

ಮಗು "ಬೆಕ್ಕು ಓಡ್ತು" ಅಂದಿತು. "ಹೌದು, ಬೆಕ್ಕು ಬಂಗಡೆ ಕಚ್ಚಿಕೊಂಡು ಮಾಡಿನ ಮೇಲೆ ಓಡಿತು" ಅನ್ನಿ. ಮಗುವಿನ ಮಾತು ಹಾಗೇ ಇದೆ, ಅದಕ್ಕೆ ಎರಡು ತುಂಡು ಸೇರಿತು. "ಕಾದೆ ಬಂತು" ಅಂದರೆ "ಕಾಗೆ ಬಂತು, ಕಪ್ಪು ಕಾಗೆ" ಅನ್ನಿ. ಸರಿಯಾದ ಉಚ್ಚಾರ ಎರಡು ಸಲ ಕಿವಿಗೆ ಬಿತ್ತು, ಅವಮಾನ ಆಗಲಿಲ್ಲ. "ಕಾಗೆ ಅನ್ನು, ಇನ್ನೊಮ್ಮೆ ಅನ್ನು" ಎಂದು ಹತ್ತು ಸಲ ಅನ್ನಿಸಿದರೆ ಮಗು ಮುಂದಿನ ಸಲ ಕಾಗೆಯ ಸುದ್ದಿಗೇ ಬರುವುದಿಲ್ಲ.

ಇನ್ನೊಂದನ್ನು ಸ್ವಲ್ಪ ಗಮನ ಇಟ್ಟು ನೋಡಿ. ಸಣ್ಣ ಮಕ್ಕಳ ಕಥೆಯಲ್ಲಿ "ಆಮೇಲೆ" ಜಾಸ್ತಿ. ಅಜ್ಜಿ ಹೋಯ್ತು, ಆಮೇಲೆ ಬೆಕ್ಕು ಬಂತು, ಆಮೇಲೆ ತಿಂತು. ಕನ್ನಡ ಘಟನೆಗಳನ್ನು ಹೊಲಿಯುವುದು ಬೇರೆ ದಾರದಲ್ಲಿ. ಬಂದು, ನೋಡಿ, ಕಚ್ಚಿಕೊಂಡು, ಓಡಿಹೋಯಿತು. ಕ್ರಿಯೆಗಳೆಲ್ಲ ಸಾಲಾಗಿ ನಿಂತು ಕೊನೆಯದೊಂದೇ ವಾಕ್ಯ ಮುಗಿಸುತ್ತದೆ. ಈ ದಾರ ಮಗುವಿನ ಕೈಗೆ ಸಿಕ್ಕ ದಿನ ಕಥೆ ಉದ್ದವಾಗುತ್ತದೆ. ಕಲಿಸಲು ವ್ಯಾಕರಣ ಬೇಡ. ಕೈಯಿಂದ ಮಾಡಿ ತೋರಿಸುತ್ತಾ ಹೇಳಿ: ಅಜ್ಜಿ ಬುಟ್ಟಿ ಇಳಿಸಿ, ಮೀನು ತೆಗೆದು, ತೊಳೆದು, ಮುಚ್ಚಿಟ್ಟಳು. ನಾಳೆ ಮಗುವಿನ ಕೈಗೆ ಬುಟ್ಟಿ ಕೊಡಿ.

ಅದರ ಬೆನ್ನಿಗೇ 'ಅಂತ' ಬರಬೇಕು. ಅಜ್ಜಿ ಎಲ್ಲಿ ಹೋಯ್ತು ಅಂತ ಕೇಳಿದಳು, ಕಾಗೆ ನಾ ಕಾಣೆ ಅಂತ ಹೇಳಿತು. ಇನ್ನೊಬ್ಬರ ಮಾತನ್ನು ತನ್ನ ಮಾತಿನೊಳಗೆ ಇಡುವುದು ಚಿಕ್ಕ ಕೆಲಸವಲ್ಲ. ಪ್ರಾಣಿಗಳನ್ನು ಒಂದೊಂದಾಗಿ ಕೇಳುತ್ತಾ ಹೋಗುವ ಕಥೆ ಆರಿಸಿದ್ದು ಇದಕ್ಕೇ. ಕೊನೆಗೆ ಬರುವುದು 'ಯಾಕಂದ್ರೆ'. ಅದಕ್ಕೆ ಅವಸರ ಬೇಡ.

ಯಾವ ಭಾಷೆಯಲ್ಲಿ?

ಮನೆಯ ಭಾಷೆಯಲ್ಲೇ. ಈ ಪ್ರಶ್ನೆ ನಮ್ಮ ಜಿಲ್ಲೆಯಲ್ಲಿ ಕೇಳದವರಿಲ್ಲ. ಕಾರವಾರದಲ್ಲಿ ಮನೆ ಕೊಂಕಣಿ, ಅಂಗನವಾಡಿ ಕನ್ನಡ. ಭಟ್ಕಳದಲ್ಲಿ ನವಾಯತಿ. ಅಂಕೋಲೆ ಕಡೆ ಹಾಲಕ್ಕಿಗಳ ಕನ್ನಡ, ಘಟ್ಟದ ಮೇಲೆ ಹವ್ಯಕ ಕನ್ನಡ. "ಶಾಲೆಗೆ ಕಷ್ಟ ಆಗ್ತದೆ, ಮನೆಯಲ್ಲೂ ಪುಸ್ತಕದ ಕನ್ನಡ ಮಾತಾಡಿ" ಎಂಬ ಸಲಹೆ ಕೊಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ತಾಯಿಗೆ ಕಥೆ ಚೆನ್ನಾಗಿ ಬರುವುದು ಅವಳ ಭಾಷೆಯಲ್ಲಿ. ಅಲ್ಲಿ ಗಟ್ಟಿಯಾದ ಕಥೆಯ ನಡೆ ಇನ್ನೊಂದು ಭಾಷೆಗೆ ತಾನಾಗಿ ದಾಟುತ್ತದೆ.

ಮಗು "ಮಾಜರ ಬಂತು, ಬಾಂಗ್ಡೊ ತಿಂತು" (ಬೆಕ್ಕು ಬಂತು, ಬಂಗಡೆ ತಿಂತು) ಎಂದು ಕೊಂಕಣಿ ಕನ್ನಡ ಬೆರೆಸಿದರೆ ಗೊಂದಲವಾಗಿದೆ ಎಂದಲ್ಲ. ಕೈಗೆ ಸಿಕ್ಕ ಪದ ಬಳಸಿದೆ ಅಷ್ಟೇ. ನೋಟುಬುಕ್ಕಿನಲ್ಲಿ ಪದ ಎಣಿಸುವಾಗ ಎರಡೂ ಭಾಷೆ ಕೂಡಿಸಿ ಎಣಿಸಿ. ಹಾಗೆಯೇ ಹವ್ಯಕರ ಮಗು "ಅಜ್ಜಿ ಬಂತು" ಅಂದರೆ ಅದು ಲಿಂಗದ ತಪ್ಪಲ್ಲ. ಆ ಮಾತಿನಲ್ಲಿ ಹೆಂಗಸರಿಗೆ ಹೇಳುವುದೇ ಹಾಗೆ. ಹೊರಗಿನಿಂದ ಬಂದ ಶಿಕ್ಷಕರು ಇದನ್ನು ತಿದ್ದಲು ಹೋಗಿ ಮಗುವನ್ನು ಸುಮ್ಮನಾಗಿಸಿದ್ದನ್ನು ನೋಡಿದ್ದೇನೆ. ಆ ಮಗು ಎರಡು ತಿಂಗಳು ತರಗತಿಯಲ್ಲಿ ಬಾಯಿ ಬಿಡಲಿಲ್ಲ.

ಯಾವಾಗ, ಯಾರು

ಹೊತ್ತು ಒಂದೇ ಇರಲಿ. ಮಲಗುವ ಮುಂಚೆಯೇ ಆಗಬೇಕೆಂದಿಲ್ಲ. ನಿದ್ದೆಗಣ್ಣಿನ ಮಗು ಕೇಳೀತು, ಮಾತಾಡದು. ಸಂಜೆ ದೀಪ ಹಚ್ಚಿದ ಮೇಲೆ, ಊಟಕ್ಕೆ ಮುಂಚೆ ನನಗೆ ಸರಿಹೋಗಿದೆ. ಮಳೆಗಾಲದಲ್ಲಿ ಕರೆಂಟು ಹೋದರೆ ಇನ್ನೂ ಒಳ್ಳೆಯದು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಬೋಟಿಗೆ ಹೋಗುವ ಅಪ್ಪಂದಿರು ಆಗ ಮನೆಯಲ್ಲಿ ಸಿಗುತ್ತಾರೆ. ಬಲೆ ರಿಪೇರಿ ಮಾಡುತ್ತಾ ಕೂತ ಅಪ್ಪನ ಹತ್ತಿರ ಗಾಳಿಯ, ಅಲೆಯ, ತಪ್ಪಿಸಿಕೊಂಡ ಮೀನಿನ ಎಷ್ಟು ಕಥೆ! ಕಥೆ ಅಮ್ಮ, ಅಜ್ಜಿಯರ ಕೆಲಸ ಎಂದು ಯಾರು ಹೇಳಿದ್ದು?

ಮೊಬೈಲ್ ಕಥೆಗಳ ಬಗ್ಗೆ ಎರಡು ಮಾತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದಂತೆ ಎರಡು ವರ್ಷದೊಳಗೆ ಪರದೆ ಬೇಡ, ಎರಡರಿಂದ ನಾಲ್ಕು ವರ್ಷಕ್ಕೆ ದಿನಕ್ಕೆ ಒಂದು ಗಂಟೆ ಮೀರಬಾರದು. ನನ್ನ ತಕರಾರು ಬೇರೆ. ಮೊಬೈಲು ಹತ್ತರವರೆಗೆ ಎಣಿಸುತ್ತಾ ಕಾಯುವುದಿಲ್ಲ.

ಅಂಗನವಾಡಿಯಲ್ಲಿ, ಗುಂಪಿನಲ್ಲಿ

ಇಪ್ಪತ್ತು ಮಕ್ಕಳಿದ್ದರೆ ಜೋರಿನವರು ನಾಲ್ಕು ಜನ ಎಲ್ಲದಕ್ಕೂ ಉತ್ತರ ಕೊಡುತ್ತಾರೆ. ಉಳಿದವರು ಗೋಡೆ ನೋಡುತ್ತಾರೆ. ನಾನು ದೊಡ್ಡ ಚಿಪ್ಪು ಬಳಸುತ್ತೇನೆ. ಚಿಪ್ಪು ಯಾರ ಕೈಯಲ್ಲೋ ಮಾತು ಅವರದು. ಮಾತು ಬೇಡವೆಂದರೆ ಕಿವಿಗೆ ಹಿಡಿದು ಸಮುದ್ರ ಕೇಳಿ ಮುಂದಿನವರಿಗೆ ದಾಟಿಸಬಹುದು. ಒಂದು ಹುಡುಗಿ ಐದು ವಾರ ಬರೀ ಕೇಳಿ ದಾಟಿಸಿದಳು. ಆರನೇ ವಾರ ಚಿಪ್ಪಿಗೆ ಬಾಯಿ ಇಟ್ಟು "ನಾ ಕಾಣೆ" ಎಂದು ಪಿಸುಗುಟ್ಟಿದಳು.

ಮಾತಾಡದ ಮಕ್ಕಳಿಗೆ ಶಬ್ದದ ಕೆಲಸ ಕೊಡಿ. ಇವಳು ಮಳೆ, ಇವನು ಬಾಗಿಲು, ಇವರಿಬ್ಬರು ಅಲೆ. ಮೂರು ವರ್ಷದವರು ಮರುಕಳಿಸುವ ಸಾಲು ಹೇಳಲಿ, ಐದಾದವರು ಪಾತ್ರ ಮಾಡಲಿ. ಇಪ್ಪತ್ತು ಜನರನ್ನು ಒಟ್ಟಿಗೆ ಕೂರಿಸುವುದಕ್ಕಿಂತ ಐದಾರು ಮಕ್ಕಳ ಗುಂಪು ಮಾಡಿ ಸರದಿಯಲ್ಲಿ ಹೇಳಿದರೆ ಮಾತು ಜಾಸ್ತಿ ಬರುತ್ತದೆ. ಉಳಿದವರು ಅಷ್ಟು ಹೊತ್ತು ಮಣ್ಣಲ್ಲಿ ಬಂಗಡೆ ಬಿಡಿಸಲಿ.

ಎಷ್ಟು ದಿನಕ್ಕೆ ಫಲ ಕಾಣುತ್ತದೆ ಎಂದು ತಾಯಂದಿರು ಕೇಳುತ್ತಾರೆ. ಬರೆದಿಟ್ಟ ಹಾಳೆಗಳಿಗೆ ದಿನಾಂಕ ಹಾಕಿಡಿ ಎನ್ನುತ್ತೇನೆ. ನನ್ನ ಪುಸ್ತಕದಲ್ಲಿ ಒಂದೇ ಮಗುವಿನ ಎರಡು ಹಾಳೆಗಳಿವೆ. ಜೂನ್ ತಿಂಗಳದ್ದು: "ಬೆಕ್ಕು. ಮೀನು ತಿಂತು. ಅಜ್ಜಿ ಬೈತು." ಅಕ್ಟೋಬರ್ ತಿಂಗಳದ್ದು: "ಅಜ್ಜಿ ಪ್ಯಾಟೆಗೆ ಹೋಗಿ ಬಂಗಡೆ ತಂದು ಇಟ್ಟಿತ್ತು. ಬೆಕ್ಕಿಗೆ ಹಶಿವಾಗಿತ್ತು, ಅದ್ಕೆ ತಿಂತು. ಯಾರು ತಿಂದದ್ದು ಅಂತ ಅಜ್ಜಿ ಕೇಳ್ತು. ಬೆಕ್ಕು ಸುಳ್ಳು ಹೇಳುಕೆ ಹೋಯ್ತು. ಆದ್ರೆ ಬಾಯಿಂದ ಬಾಲ ಕಾಣ್ತಿತ್ತು."